ಕಳೆದುಹೋದ ಸ್ಮಾರ್ಟ್‌ವಾಚ್: ಸಿಗ್ನಲ್‌ನ ಜಾಡು ಹಿಡಿದು ಹುಡುಕುವ ಬಗೆ

ಸ್ಮಾರ್ಟ್‌ವಾಚ್ ಕಾಣೆಯಾದ ಕೂಡಲೇ ಹೆಚ್ಚಿನವರು ಹಾಸಿಗೆ, ದಿಂಬು, ಸೋಫಾ, ಚೀಲಗಳನ್ನೆಲ್ಲ ಜಾಲಾಡುತ್ತಾರೆ. ಅಲ್ಲೆಲ್ಲೂ ಸಿಗದಿದ್ದರೆ ಫೋನಿನಲ್ಲಿ ವಾಚಿನ ಪೇರಿಂಗ್ ಅಳಿಸಿ, ಮತ್ತೆ ಜೋಡಿಸಿದರೆ ಸಿಕ್ಕೀತೇನೋ ಎಂದು ನೋಡುತ್ತಾರೆ. ಮೊದಲನೆಯದರಿಂದ ಒಂದಿಷ್ಟು ದೂಳು ಏಳುತ್ತದೆ, ಅಷ್ಟೇ. ಎರಡನೆಯದು ಹುಡುಕಾಟದ ಬುಡಕ್ಕೇ ಬೀಳುವ ಕೊಡಲಿಪೆಟ್ಟು.

ಚಾರ್ಜ್ ಇರುವವರೆಗೆ ವಾಚು ಸುಮ್ಮನೆ ಬಿದ್ದಿರುವುದಿಲ್ಲ. ಫೋನಿನ ಸಂಪರ್ಕ ಕಡಿದುಹೋದರೆ ಸಾಮಾನ್ಯವಾಗಿ ಅದು ಬ್ಲೂಟೂತ್ ಮೂಲಕ ಪುಟ್ಟ ಪುಟ್ಟ ಸಂದೇಶಗಳನ್ನು ಗಾಳಿಗೆ ಬಿಡುತ್ತಲೇ ಇರುತ್ತದೆ. ಅದನ್ನು ಯಾವ ಫೋನು ಬೇಕಾದರೂ ಕೇಳಿಸಿಕೊಳ್ಳಬಹುದು. ಆದರೆ ಬೇರೆಯವರು ನಿಮ್ಮ ಬೆನ್ನು ಹತ್ತಬಾರದು ಎಂಬ ಕಾರಣಕ್ಕೆ ಹಲವು ವಾಚುಗಳು ತಮ್ಮ ಬ್ಲೂಟೂತ್ ವಿಳಾಸವನ್ನು ಆಗಾಗ, ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ, ಬದಲಿಸಿಕೊಳ್ಳುತ್ತವೆ. ಬದಲಾದ ವಿಳಾಸದ ಹಿಂದೆ ಇರುವುದು ನಿಮ್ಮದೇ ವಾಚು ಎಂದು ಗುರುತಿಸುವ ಕೀಲಿ ಪೇರಿಂಗ್ ಮಾಡಿದ ಫೋನಿನಲ್ಲಿ ಮಾತ್ರ ಇರುತ್ತದೆ. ಪೇರಿಂಗ್ ಅಳಿಸಿದರೆ ಆ ಕೀಲಿಯೂ ಹೋಯಿತು. ಆದ್ದರಿಂದ ಏನೇ ಮಾಡಿ, ಪೇರಿಂಗ್‌ಗೆ ಕೈ ಹಚ್ಚಬೇಡಿ. ವಾಚು ಸಿಗುವವರೆಗೂ ಫೋನನ್ನು ರೀಸೆಟ್ ಮಾಡುವ ಯೋಚನೆಯೂ ಬೇಡ.

ಮೊದಲು ಎರಡು ಹೊತ್ತುಗಳನ್ನು ಕಂಡುಹಿಡಿಯಿರಿ

ಒಂದು, ಬ್ಯಾಟರಿ ಮುಗಿಯುವ ಹೊತ್ತು. ಕೊನೆಯ ಬಾರಿ ಯಾವಾಗ ಚಾರ್ಜ್ ಮಾಡಿದಿರಿ ಎಂದು ನೆನಪಿಸಿಕೊಳ್ಳಿ. ದೊಡ್ಡ ಪರದೆ, ಕರೆ, ಆ್ಯಪ್‌ಗಳಿರುವ ವಾಚುಗಳು ಒಂದೆರಡು ದಿನ ಬಾಳುತ್ತವೆ. ಸಾದಾ ಫಿಟ್‌ನೆಸ್ ಬ್ಯಾಂಡ್‌ಗಳು ವಾರವನ್ನೂ ದಾಟುತ್ತವೆ. ಮೊದಲನೆಯ ಬಗೆಯದಾಗಿದ್ದರೆ ಹುಡುಕಾಟವನ್ನು ನಾಳೆಗೆ ಮುಂದೂಡುವ ಹಾಗಿಲ್ಲ. ಬ್ಯಾಟರಿ ಸತ್ತ ವಾಚಿನಿಂದ ಯಾವ ಸಿಗ್ನಲ್ಲೂ ಹೊರಡುವುದಿಲ್ಲ.

ಎರಡು, ವಾಚು ಕೈಯಿಂದ ಕಳಚಿದ ಹೊತ್ತು. ಇದನ್ನು ನೋಡುವವರು ಕಡಿಮೆ. ಫೋನಿನ ಆರೋಗ್ಯ ಆ್ಯಪ್ ತೆರೆದು ಹೃದಯ ಬಡಿತದ ದಾಖಲೆಯ ಕೊನೆಯ ಅಂಕಿ ಎಷ್ಟು ಗಂಟೆಯದು ಎಂದು ನೋಡಿ. ವಾಚು ಮಣಿಕಟ್ಟಿನ ಮೇಲಿದ್ದಷ್ಟು ಹೊತ್ತು ಮಾತ್ರ ಬಡಿತ ದಾಖಲಾಗುತ್ತದೆ. ಸಂಜೆ 6.40ಕ್ಕೆ ಗೆರೆ ನಿಂತುಹೋಗಿದ್ದರೆ ವಾಚು ಆ ಹೊತ್ತಿಗೆ ಕೈಯಿಂದ ಇಳಿದಿರಬೇಕು, ಇಲ್ಲವೇ ಫೋನಿನಿಂದ ದೂರವಾಗಿರಬೇಕು. ಆಗ ನೀವೆಲ್ಲಿದ್ದಿರಿ ಎಂಬುದು ನಿಮಗೆ ನೆನಪಿಲ್ಲದಿದ್ದರೂ ಕರೆಗಳ ಪಟ್ಟಿ, ತೆಗೆದ ಫೋಟೋ, ಕಳಿಸಿದ ಸಂದೇಶಗಳಿಂದ ತಿಳಿಯುತ್ತದೆ. ಅರ್ಧ ಊರು ಅಲೆಯುವುದು ಎಷ್ಟೋ ಸಲ ಇಷ್ಟರಿಂದಲೇ ತಪ್ಪುತ್ತದೆ.

ತಯಾರಕರ ದಾರಿ

ಆಪಲ್ ವಾಚಿಗೆ ಫೈಂಡ್ ಮೈ, ಸ್ಯಾಮ್‌ಸಂಗ್‌ಗೆ ಸ್ಮಾರ್ಟ್‌ಥಿಂಗ್ಸ್ ಫೈಂಡ್, ಗೂಗಲ್‌ನ ವೇರ್ ಓಎಸ್ ವಾಚುಗಳಿಗೆ ಫೈಂಡ್ ಹಬ್ (2025ರವರೆಗೆ ಇದರ ಹೆಸರು ಫೈಂಡ್ ಮೈ ಡಿವೈಸ್ ಎಂದಿತ್ತು), ಗಾರ್ಮಿನ್‌ಗೆ ಅದರ ಕನೆಕ್ಟ್ ಆ್ಯಪ್. ಬೇರೆ ಕಂಪನಿಗಳ ಆ್ಯಪ್‌ಗಳಲ್ಲೂ ವಾಚು ಹುಡುಕುವ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಮೊದಲು ಇದನ್ನೇ ಒತ್ತಿ. ಐಒಎಸ್ 17ರಿಂದ ಈಚೆಗೆ ಐಫೋನಿನ ಕಂಟ್ರೋಲ್ ಸೆಂಟರ್‌ನಿಂದಲೇ ಆಪಲ್ ವಾಚನ್ನು ಕೂಗಿಸಬಹುದು.

ನಕ್ಷೆಯಲ್ಲಿ ಕಾಣುವ ಚುಕ್ಕಿಯನ್ನು ನೋಡಿ ಓಡುವ ಮೊದಲು ಅದರ ಪಕ್ಕದಲ್ಲಿರುವ ಸಮಯ ಓದಿ. ಸ್ವಂತ ಜಿಪಿಎಸ್ ಅಥವಾ ಸಿಮ್ ಇಲ್ಲದ ವಾಚಿನ ಮಟ್ಟಿಗೆ ಆ ಚುಕ್ಕಿ, ಅದರೊಂದಿಗೆ ಕೊನೆಯ ಬಾರಿ ಸಂಪರ್ಕ ಇದ್ದಾಗ ನಿಮ್ಮ ಫೋನು ಎಲ್ಲಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಈಗ ವಾಚು ಅಲ್ಲಿದೆ ಎಂದು ಅದರ ಅರ್ಥವಲ್ಲ. ಆದರೂ ಹುಡುಕಾಟ ಶುರುಮಾಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಸ್ಪೀಕರ್ ಇಲ್ಲದ ವಾಚು ಕೂಗುವುದಿಲ್ಲ, ಬರೀ ನಡುಗುತ್ತದೆ. ಮರದ ಮೇಜಿನ ಮೇಲೋ ತಗಡಿನ ಮೇಲೋ ಬಿದ್ದಿದ್ದರೆ ಆ ಗುಂಯ್‌ಗುಡುವ ಸದ್ದು ಪಕ್ಕದ ಕೋಣೆಗೂ ಕೇಳಿಸೀತು. ಬಟ್ಟೆಯ ರಾಶಿಯೊಳಗಿದ್ದರೆ ಎದುರಿಗೇ ನಿಂತಿದ್ದರೂ ಕೇಳಿಸದು. ಫ್ಯಾನು, ಟಿವಿ ಎಲ್ಲ ಆರಿಸಿ, ರಾತ್ರಿಯಾದರೆ ದೀಪವನ್ನೂ ಆರಿಸಿ ಪ್ರಯತ್ನಿಸಿ. ನಡುಗುವಾಗ ಪರದೆಯೂ ಬೆಳಗುವುದರಿಂದ ಸೋಫಾದ ಸಂದಿನಿಂದ ಬೆಳಕು ಇಣುಕಬಹುದು.

ವಾಚಿಗೆ ವೈಫೈ ಇದ್ದರೆ ಮನೆಯ ರೂಟರ್‌ನ ಪುಟದಲ್ಲಿ ಸಂಪರ್ಕಗೊಂಡಿರುವ ಸಾಧನಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಆಪಲ್ ಮತ್ತು ವೇರ್ ಓಎಸ್ ವಾಚುಗಳು ಫೋನಿನ ಬ್ಲೂಟೂತ್ ಸಿಗದಿದ್ದಾಗ ಪರಿಚಿತ ವೈಫೈಗೆ ತಾವಾಗಿ ಅಂಟಿಕೊಳ್ಳುತ್ತವೆ. ಪಟ್ಟಿಯಲ್ಲಿ ಅದು ಈಗ ಇದೆ ಎಂದರೆ ವಾಚು ಮನೆಯಲ್ಲೋ ಮನೆಯ ಆಸುಪಾಸಿನಲ್ಲೋ ಇದೆ. ಮಹಡಿಗೊಂದರಂತೆ ವೈಫೈ ಪೆಟ್ಟಿಗೆ ಇಟ್ಟವರಿಗೆ ಯಾವುದಕ್ಕೆ ಅಂಟಿಕೊಂಡಿದೆ ಎಂಬುದರಿಂದ ಮಹಡಿಯ ಸುಳಿವೂ ಸಿಗುತ್ತದೆ.

ಇಷ್ಟರಲ್ಲಿ ಸಿಕ್ಕರೆ ಮುಂದೆ ಓದಬೇಕಾಗಿಲ್ಲ. ನೀವು ಇರುವ ಜಾಗಕ್ಕೂ ವಾಚಿರುವ ಜಾಗಕ್ಕೂ ಹತ್ತಿಪ್ಪತ್ತು ಮೀಟರ್‌ಗಳ ಅಂತರವಷ್ಟೇ ಉಳಿದು, ಆದರೂ ಸಿಗದೆ ಸತಾಯಿಸುತ್ತಿದ್ದರೆ ನಿಜವಾದ ಬೇಟೆ ಇಲ್ಲಿಂದ ಶುರು.

ಸ್ಕ್ಯಾನರ್ ಆ್ಯಪ್

ಸುತ್ತಲಿನ ಬ್ಲೂಟೂತ್ ಸಾಧನಗಳನ್ನೂ ಅವುಗಳ ಸಿಗ್ನಲ್ ಬಲವನ್ನೂ ತೋರಿಸುವ ಆ್ಯಪ್ ಬೇಕು. ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ಎನ್‌ಆರ್‌ಎಫ್ ಕನೆಕ್ಟ್ ಮತ್ತು ಲೈಟ್‌ಬ್ಲೂ, ಇವೆರಡೂ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಸಿಗುತ್ತವೆ. ಇವು ಎಂಜಿನಿಯರುಗಳಿಗಾಗಿ ಮಾಡಿದ ಆ್ಯಪ್‌ಗಳು; ನೋಡಲು ಒರಟು, ಕೆಲಸದಲ್ಲಿ ನೇರ. ‘ನಿಮ್ಮ ಸಾಧನ 3.2 ಮೀಟರ್ ದೂರದಲ್ಲಿದೆ’ ಎಂದು ದಶಮಾಂಶ ಸಮೇತ ಹೇಳುವ ಬಣ್ಣಬಣ್ಣದ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಅವುಗಳ ಕೈಯಲ್ಲಿರುವುದೂ ಅದೇ ಸಿಗ್ನಲ್ ಬಲ. ಅದನ್ನು ಒಂದು ಸೂತ್ರಕ್ಕೆ ಹಾಕಿ ಮೀಟರ್ ಎಂದು ತೋರಿಸುತ್ತವೆ. ಗೋಡೆ, ಬೀರು, ಮನುಷ್ಯರು ಇರುವ ಕಡೆ ಆ ಲೆಕ್ಕ ನಿಲ್ಲುವುದಿಲ್ಲ.

ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಸ್ಕ್ಯಾನ್ ಮಾಡಲು ಲೊಕೇಶನ್ ಅನುಮತಿ ಕೊಡಬೇಕು. 12ರಿಂದ ಮುಂದೆ ಹತ್ತಿರದ ಸಾಧನಗಳಿಗೆಂದೇ ಪ್ರತ್ಯೇಕ ಅನುಮತಿ ಇದೆ. ಪಟ್ಟಿ ಖಾಲಿ ಕಂಡರೆ ಮೊದಲು ಇದನ್ನು ಪರೀಕ್ಷಿಸಿ. ಇನ್ನೊಂದು ಸಂಗತಿ: ಆಂಡ್ರಾಯ್ಡ್ 7ರಿಂದ ಈಚೆಗೆ 30 ಸೆಕೆಂಡಿನಲ್ಲಿ ಐದು ಸಲಕ್ಕಿಂತ ಹೆಚ್ಚು ಸ್ಕ್ಯಾನ್ ಶುರುಮಾಡಿದರೆ ಫೋನು ಸದ್ದಿಲ್ಲದೆ ಆ್ಯಪ್‌ನ ಬಾಯಿ ಮುಚ್ಚಿಸುತ್ತದೆ. ಅವಸರದಿಂದ ನಿಲ್ಲಿಸಿ, ಶುರುಮಾಡಿ, ಮತ್ತೆ ನಿಲ್ಲಿಸಿ ಎಂದು ಆಡಿಸಿದರೆ ಎದುರಿಗಿರುವ ವಾಚೂ ಪಟ್ಟಿಗೆ ಬರುವುದಿಲ್ಲ. ಒಮ್ಮೆ ಶುರುಮಾಡಿ, ಹಾಗೇ ಬಿಡಿ.

ಪಟ್ಟಿಯಲ್ಲಿ ನಿಮ್ಮ ವಾಚು ಯಾವುದು?

ಪಟ್ಟಿಯಲ್ಲಿ ಹೆಸರಿಲ್ಲದ ಹತ್ತಾರು ಸಾಧನಗಳು ಕಂಡರೆ ಗಾಬರಿಯಾಗಬೇಡಿ. ಟಿವಿ, ಇಯರ್‌ಫೋನು, ಅಕ್ಕಪಕ್ಕದವರ ಫೋನು ಎಲ್ಲ ಅಲ್ಲಿರುತ್ತವೆ. ವಾಚಿನ ಹೆಸರೇ ಕಂಡರೆ ನಿಮ್ಮ ಪುಣ್ಯ. ಕಾಣದಿದ್ದರೆ ಒಂದು ಉಪಾಯವಿದೆ, ಅದಕ್ಕೆ ಇನ್ನೊಂದು ಫೋನು ಬೇಕು.

ವಾಚು ನಿಮ್ಮ ಫೋನಿಗೆ ಸಂಪರ್ಕಗೊಂಡಿರುವಾಗ ಸಾಮಾನ್ಯವಾಗಿ ಬೇರೆ ಫೋನುಗಳಿಗೆ ಕೇಳಿಸುವಂತೆ ಬ್ಲೂಟೂತ್ ಸಂದೇಶ ಬಿಡುವುದಿಲ್ಲ (ಹೀಗೆ ಸಂದೇಶ ಬಿಡುವುದನ್ನೇ ಮುಂದೆ ಕೂಗುವುದು ಎನ್ನುತ್ತೇನೆ). ಆದ್ದರಿಂದ ಎರಡನೆಯ ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಂತರ ಪೇರಿಂಗ್ ಆದ ಫೋನಿನ ಬ್ಲೂಟೂತ್ ಆರಿಸಿ. ಸ್ವಲ್ಪ ಹೊತ್ತಿನಲ್ಲಿ ಪಟ್ಟಿಗೆ ಹೊಸದಾಗಿ ಬಂದು ಸೇರುವ ಸಾಧನ ಬಹುಮಟ್ಟಿಗೆ ನಿಮ್ಮ ವಾಚೇ. ಬ್ಲೂಟೂತ್ ಮತ್ತೆ ಹಾಕಿದಾಗ ಅದು ಮಾಯವಾದರೆ ಗುರುತು ಇನ್ನಷ್ಟು ಗಟ್ಟಿ. ಐಫೋನ್ ಬಳಸುವವರು ಒಂದು ವಿಷಯ ಗಮನಿಸಬೇಕು: ಕಂಟ್ರೋಲ್ ಸೆಂಟರ್‌ನಲ್ಲಿ ಬ್ಲೂಟೂತ್ ಆರಿಸಿದರೂ ಆಪಲ್ ವಾಚಿನ ಸಂಪರ್ಕ ಕಡಿಯುವುದಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿಯೇ ಆರಿಸಬೇಕು.

ಹೆಸರಿಲ್ಲದ ಸಾಧನಗಳ ವಿವರದಲ್ಲಿ ತಯಾರಕರ ಸಂಖ್ಯೆ ಇರುವುದುಂಟು. ಬ್ಲೂಟೂತ್ ಒಕ್ಕೂಟ ಪ್ರತಿ ಕಂಪನಿಗೂ ಒಂದು ಸಂಖ್ಯೆ ಕೊಟ್ಟಿದೆ: ಆಪಲ್‌ಗೆ 76, ಸ್ಯಾಮ್‌ಸಂಗ್‌ಗೆ 117, ಗಾರ್ಮಿನ್‌ಗೆ 135, ಗೂಗಲ್‌ಗೆ 224. ಒಳ್ಳೆಯ ಆ್ಯಪ್‌ಗಳು ಇದನ್ನು ಹೆಸರಾಗಿಯೇ ತೋರಿಸುತ್ತವೆ. ಗಾರ್ಮಿನ್ ಕಳೆದುಕೊಂಡವರಿಗೆ ಇದು ದೊಡ್ಡ ಸಹಾಯ. ಆಪಲ್ ವಾಚು ಕಳೆದುಕೊಂಡವರಿಗೆ ಅಷ್ಟಾಗಿ ಇಲ್ಲ, ಏಕೆಂದರೆ ಪಟ್ಟಿಯ ಅರ್ಧದಷ್ಟು ಸಾಧನಗಳು ಆಪಲ್‌ನವೇ ಆಗಿರಬಹುದು.

ಗುರುತು ಹಿಡಿದ ಮೇಲೆ ಪೇರಿಂಗ್ ಆದ ಫೋನಿನ ಬ್ಲೂಟೂತ್ ಆರಿಸಿಟ್ಟು, ಎರಡನೆಯ ಫೋನಿನಲ್ಲಿ ಬೇಗ ಕೆಲಸ ಮುಗಿಸಿ. ವಿಳಾಸ ಬದಲಾದರೆ ಪಟ್ಟಿಯಲ್ಲಿ ಹಳೆಯದು ಸತ್ತು ಹೊಸದೊಂದು ಹುಟ್ಟುತ್ತದೆ. ಎರಡರ ಸಿಗ್ನಲ್ ಬಲ ಒಂದೇ ಮಟ್ಟದಲ್ಲಿದ್ದರೆ ಅದು ಅದೇ ವಾಚು ಇರಬಹುದು. ಖಚಿತವಾಗದಿದ್ದರೆ ಬ್ಲೂಟೂತ್ ಆರಿಸಿ ಹಾಕುವ ಪರೀಕ್ಷೆಯನ್ನು ಮತ್ತೆ ಮಾಡಿ.

ಸಂಖ್ಯೆ ಓದುವ ಕ್ರಮ

ಸಿಗ್ನಲ್ ಬಲವನ್ನು ಆರ್‌ಎಸ್‌ಎಸ್‌ಐ ಎನ್ನುತ್ತಾರೆ. ಅಳತೆ ಡಿಬಿಎಂ ಎಂಬ ಡೆಸಿಬೆಲ್ ಮಾನದಲ್ಲಿ, ಯಾವಾಗಲೂ ಎಂಬಂತೆ ಮೈನಸ್ ಸಂಖ್ಯೆ; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. −45 ಎಂದರೆ ಗಟ್ಟಿ ಸಿಗ್ನಲ್, −70 ಎಂದರೆ ನಡುವೆ ಗೋಡೆಯೋ ಒಂದಿಷ್ಟು ದೂರವೋ ಇದೆ, −95 ಎಂದರೆ ಉಸಿರು ನಿಲ್ಲುವ ಹಂತ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯಬೇಕು, ಹತ್ತರಷ್ಟಾದರೆ 20. ಇದು ಪುಸ್ತಕದ ಲೆಕ್ಕ.

ಮನೆಯೊಳಗಿನ ಲೆಕ್ಕ ಬೇರೆ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೇರವಾಗಿ ಬಂದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಒಂದು ಜಾಗದಲ್ಲಿ ಒಂದಕ್ಕೊಂದು ಬಲ ಕೊಡುತ್ತವೆ; ಅಲ್ಲಿಂದ ನಾಲ್ಕು ಬೆರಳಷ್ಟು ಆಚೆ ಒಂದನ್ನೊಂದು ಅಳಿಸುತ್ತವೆ. ಅಂಗೈಯಗಲ ಫೋನು ಸರಿಸಿದರೆ ಸಂಖ್ಯೆ ಹತ್ತು ಡೆಸಿಬೆಲ್ ಕುಸಿಯುವುದು ಇದರಿಂದಲೇ. ಸಾಲದ್ದಕ್ಕೆ ವಾಚು ಕೂಗುವುದು ಮೂರು ಚಾನೆಲ್‌ಗಳಲ್ಲಿ: 2402, 2426 ಮತ್ತು 2480 ಮೆಗಾಹರ್ಟ್ಸ್. ಮೂರರ ಪ್ರತಿಫಲನವೂ ಬೇರೆ ಬೇರೆ. ಆ್ಯಪ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ತೋರಿಸುವುದರಿಂದ ನೀವು ಅಲುಗಾಡದೆ ನಿಂತಿದ್ದರೂ ಸಂಖ್ಯೆ ಕುಣಿಯುತ್ತಲೇ ಇರುತ್ತದೆ.

ಬಾಗಿಲಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ಒಂದರ ಹಿಂದೊಂದು ಬರುತ್ತವೆ: −71, −68, −83, −70, −69, −72. ಆತುರದವರು −83 ನೋಡಿ ಹಿಂದಕ್ಕೆ ತಿರುಗುತ್ತಾರೆ. ಹಾಗೆ ತಿರುಗಬೇಡಿ. ಅರ್ಧ ನಿಮಿಷ ನಿಂತು, ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು, ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಈ ಬಾಗಿಲಿಗೆ −70 ಎಂದು ಕಾಗದದಲ್ಲಿ ಬರೆಯಿರಿ. ಮುಂದಿನ ಬಾಗಿಲಿಗೆ ಹೋಗಿ. ಒಂದು ಸಂಖ್ಯೆಯಿಂದ ವಾಚು ಎಷ್ಟು ದೂರದಲ್ಲಿದೆ ಎಂದು ಎಂದಿಗೂ ತಿಳಿಯುವುದಿಲ್ಲ. ಎರಡು ಜಾಗಗಳ ಸಂಖ್ಯೆಗಳನ್ನು ಹೋಲಿಸಿದರೆ ಯಾವ ಕಡೆ ಹೋಗಬೇಕು ಎಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿದ್ಯೆ ಇರುವುದು ಇಷ್ಟರಲ್ಲೇ, ಉಳಿದದ್ದೆಲ್ಲ ಅದರ ವಿಸ್ತರಣೆ.

ನಿಧಾನ ಏಕೆ ಮುಖ್ಯ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಬ್ಲೂಟೂತ್ ನಿಯಮದ ಪ್ರಕಾರ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ 20 ಮಿಲಿಸೆಕೆಂಡಿನಿಂದ 10.24 ಸೆಕೆಂಡಿನವರೆಗೆ ಅಂತರ ಇರಬಹುದು. ಬ್ಯಾಟರಿ ಉಳಿಸಲು ಹಲವು ಸಾಧನಗಳು ನಿಧಾನವಾಗಿ ಕೂಗುತ್ತವೆ. ದಡದಡನೆ ನಡೆದರೆ ಪರದೆಯಲ್ಲಿ ಕಾಣುವುದು ನೀವು ದಾಟಿ ಬಂದ ಜಾಗದ ಸಂಖ್ಯೆ.

ಮೈಯನ್ನೇ ಮರೆಯಾಗಿ ಬಳಸುವುದು

ಯಾವ ಕೋಣೆ ಎಂದು ತಿಳಿದ ಮೇಲೆ ಯಾವ ದಿಕ್ಕು ಎಂದು ನೋಡಬೇಕು. ಮನುಷ್ಯನ ಮೈಯಲ್ಲಿ ನೀರೇ ಹೆಚ್ಚು, ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಫೋನನ್ನು ಎದೆಗೆ ಒತ್ತಿ ಹಿಡಿದು, ನಿಂತಲ್ಲೇ ನಿಧಾನವಾಗಿ ಸುತ್ತಿ. ಎಂಟು ದಿಕ್ಕುಗಳಲ್ಲೂ ಹತ್ತು ಹತ್ತು ಸೆಕೆಂಡು ನಿಲ್ಲಿ. ನಿಮ್ಮ ಬೆನ್ನು ವಾಚಿನ ಕಡೆಗಿದ್ದಾಗ ಮೈ ಅಡ್ಡ ಬಂದು ಸಂಖ್ಯೆ ಕುಸಿಯುತ್ತದೆ. ಅಂದರೆ ಸಿಗ್ನಲ್ ಅತಿ ಕಡಿಮೆಯಾದ ಕ್ಷಣದಲ್ಲಿ ನಿಮ್ಮ ಬೆನ್ನು ಯಾವ ಕಡೆಗಿದೆಯೋ ಆ ಕಡೆ ಹುಡುಕಬೇಕು.

ಸಿಗ್ನಲ್ ಎಲ್ಲಿ ಹೆಚ್ಚು ಎಂದು ನೋಡುವುದಕ್ಕಿಂತ ಎಲ್ಲಿ ಕುಸಿಯಿತು ಎಂದು ನೋಡುವುದೇ ಒಳ್ಳೆಯದು. ಏರಿಕೆ ಅಗಲವಾಗಿ, ಮಬ್ಬಾಗಿ ಇರುತ್ತದೆ. ಕುಸಿತ ಕಿರಿದಾಗಿ, ಸ್ಪಷ್ಟವಾಗಿ ಇರುತ್ತದೆ. ಹವ್ಯಾಸಿ ರೇಡಿಯೊದವರಿಗೆ ಇದು ಹಳೆಯ ಪಾಠ. ಅವರಲ್ಲಿ ಬಚ್ಚಿಟ್ಟ ಟ್ರಾನ್ಸ್‌ಮಿಟರುಗಳನ್ನು ಕಾಡಿನಲ್ಲಿ ಓಡಾಡಿ ಹುಡುಕುವ ಒಂದು ಕ್ರೀಡೆಯೇ ಇದೆ, 1980ರಿಂದ ಅದರ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅವರ ಬಳಿ ದಿಕ್ಕು ತೋರುವ ಆ್ಯಂಟೆನಾ ಇರುತ್ತದೆ, ನಿಮ್ಮ ಬಳಿ ಬೆನ್ನು ಇದೆ.

ಒಂದೇ ಜಾಗದಿಂದ ಸಿಕ್ಕ ದಿಕ್ಕನ್ನು ನಂಬಬೇಡಿ. ಎದುರಿನ ಕಬ್ಬಿಣದ ಬೀರು ಅಲೆಯನ್ನು ಕನ್ನಡಿಯಂತೆ ತಿರುಗಿಸಿ ಕಳಿಸಿರಬಹುದು. ಕೋಣೆಯ ಇನ್ನೊಂದು ಮೂಲೆಗೆ ಹೋಗಿ ಮತ್ತೆ ಸುತ್ತಿ. ಎರಡು ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿಂದ ಶುರುಮಾಡಿ. ಎತ್ತರವನ್ನೂ ಮರೆಯಬೇಡಿ: ಫೋನನ್ನು ನೆಲದ ಹತ್ತಿರ ಒಮ್ಮೆ, ತಲೆಯ ಮೇಲೆ ಒಮ್ಮೆ ಹಿಡಿದು ನೋಡಿ. ಎಲ್ಲ ದಿಕ್ಕಿನಲ್ಲೂ ಸಂಖ್ಯೆ ಒಂದೇ ಆಗಿ, ಎಲ್ಲೂ ಗಟ್ಟಿಯಾಗದಿದ್ದರೆ ವಾಚು ಮೇಲಿನ ಅಥವಾ ಕೆಳಗಿನ ಮಹಡಿಯಲ್ಲಿರಬಹುದು. ಇನ್ನು ನೀವು ಎಲ್ಲಿ ಹೋದರೂ ಸಂಖ್ಯೆ −50ರ ಸುತ್ತಲೇ ಇದ್ದರೆ ದಯವಿಟ್ಟು ನಿಮ್ಮ ಜೇಬನ್ನೂ ಹೆಗಲ ಚೀಲವನ್ನೂ ನೋಡಿಕೊಳ್ಳಿ.

ಕೊನೆಯ ಎರಡು ಮೀಟರ್

ತೀರಾ ಹತ್ತಿರ ಬಂದಾಗ ಸಿಗ್ನಲ್ ಎಲ್ಲ ಕಡೆಯೂ ಗಟ್ಟಿಯೇ. −42, −40, −43. ಹಾಸಿಗೆಯ ಕಡೆಯೋ ಮೇಜಿನ ಕಡೆಯೋ ತಿಳಿಯುವುದಿಲ್ಲ. ಆಗ ಫೋನಿನ ಕಿವಿಯನ್ನು ಬೇಕೆಂದೇ ಮಂದ ಮಾಡಬೇಕು. ಫೋನಿನ ಬೆನ್ನಿಗೂ ಅಂಚುಗಳಿಗೂ ಅಲ್ಯೂಮಿನಿಯಂ ಹಾಳೆ ಸುತ್ತಿ, ಪರದೆ ಮಾತ್ರ ಕಾಣುವಂತೆ ಬಿಡಿ. ಅಥವಾ ಫೋನನ್ನು ಒಂದು ತಗಡಿನ ಡಬ್ಬಿಯೊಳಗೆ ಇಟ್ಟು, ತೆರೆದ ಬಾಯಿಯನ್ನು ಒಂದೊಂದು ಕಡೆಗೆ ತಿರುಗಿಸಿ ಓದಿ. ಸಂಖ್ಯೆ −60, −70ಕ್ಕೆ ಇಳಿಯುತ್ತದೆ, ವ್ಯತ್ಯಾಸ ಮತ್ತೆ ಕಾಣತೊಡಗುತ್ತದೆ.

ಲೋಹದ ಬೀರು, ಬಟ್ಟೆ ಒಗೆಯುವ ಯಂತ್ರದ ಡ್ರಮ್ಮು, ಕಾರಿನ ಡಿಕ್ಕಿ ಇವುಗಳೊಳಗೆ ಬಿದ್ದ ವಾಚು ದಿಕ್ಕು ತಪ್ಪಿಸುತ್ತದೆ. ಅಲೆ ಸಂದುಗಳಿಂದ ಮಾತ್ರ ಹೊರಬರುವುದರಿಂದ ಬಾಗಿಲಿನ ಅಂಚಿನಲ್ಲಿ ಸಿಗ್ನಲ್ ಗಟ್ಟಿ ಇರುತ್ತದೆ. ಅನುಮಾನ ಬಂದ ಕಡೆ ಫೋನನ್ನು ಎದುರಿಗೆ ಒಂದು ಜಾಗದಲ್ಲಿ ಅಲುಗಾಡದಂತೆ ಇಟ್ಟು ಬಾಗಿಲು ತೆರೆಯಿರಿ, ಮುಚ್ಚಿರಿ. ತೆರೆದಾಗ ಸಂಖ್ಯೆ ಹದಿನೈದು ಇಪ್ಪತ್ತು ಡೆಸಿಬೆಲ್ ಜಿಗಿದು, ಮುಚ್ಚಿದಾಗ ಮತ್ತೆ ಬಿದ್ದರೆ ವಾಚು ಒಳಗಿದೆ. ಇದಕ್ಕಿಂತ ನಂಬಲರ್ಹ ಪರೀಕ್ಷೆ ಮನೆಯೊಳಗೆ ಇನ್ನೊಂದಿಲ್ಲ. ಒದ್ದೆ ಬಟ್ಟೆಯ ರಾಶಿಯಲ್ಲಿ ಸಿಕ್ಕಿಕೊಂಡ ವಾಚಿನ ಸಿಗ್ನಲ್ ಹತ್ತಿರ ಹೋದರೂ ಕ್ಷೀಣವಾಗಿಯೇ ಇರುತ್ತದೆ, ಆದ್ದರಿಂದ ಬಕೆಟ್ಟು, ಒಗೆಯುವ ಬಟ್ಟೆಯ ಬುಟ್ಟಿಗಳನ್ನು ಸಂಖ್ಯೆ ಕೇಳದೆ ಕೈಯಿಂದಲೇ ತಡಕಿ.

ಬಯಲಿನಲ್ಲಿ

ಮೈದಾನ, ಉದ್ಯಾನ, ನಡೆದ ದಾರಿಯಲ್ಲಿ ಬಿದ್ದಿದ್ದರೆ ಪ್ರತಿಫಲನದ ಕಾಟ ಕಡಿಮೆ, ಆದರೆ ನೆಲದ ಕಾಟ ಹೆಚ್ಚು. ಮಣ್ಣಿಗೆ ಅಂಟಿಕೊಂಡು ಬಿದ್ದ ವಾಚಿನ ಸಿಗ್ನಲ್ ದೂರ ಹೋಗುವುದಿಲ್ಲ; ಒದ್ದೆ ಹುಲ್ಲಿನ ನಡುವೆ ಇನ್ನೂ ಕಡಿಮೆ. ಕೈಯಲ್ಲಿದ್ದಾಗ ಮೂವತ್ತು ಮೀಟರ್‌ವರೆಗೆ ಸಂಪರ್ಕ ಹಿಡಿದಿಡುತ್ತಿದ್ದ ವಾಚು ಈಗ ಕೆಲವೇ ಮೀಟರ್‌ನಲ್ಲಿ ಕೇಳಿಸಬಹುದು. ಜಾಗವನ್ನು ಐದೈದು ಮೀಟರ್ ಅಗಲದ ಪಟ್ಟೆಗಳಾಗಿ ಮನಸ್ಸಿನಲ್ಲೇ ಕೊಯ್ದುಕೊಂಡು, ಉಳುವವರಂತೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯಿರಿ. ವಾಹನದಲ್ಲಿ ಕುಳಿತು ಹುಡುಕುವುದು ವ್ಯರ್ಥ. ಪಟ್ಟಿಯಲ್ಲಿ ಒಂದೇ ಒಂದು ಸಲ −97 ಎಂದು ಮಿಂಚಿ ಮಾಯವಾದರೂ ಅಲ್ಲೇ ನಿಲ್ಲಿ. ಆ ಜಾಗಕ್ಕೆ ಗುರುತು ಹಾಕಿ, ಸುತ್ತ ನಾಲ್ಕೂ ಕಡೆ ನೋಡಿ.

ಗೋಡೆಯ ಆಚೆ ಇದ್ದರೆ

ಅಪಾರ್ಟ್‌ಮೆಂಟಿನಲ್ಲಿ ಹುಡುಕುವಾಗ ಸಿಗ್ನಲ್ ಪಕ್ಕದ ಮನೆಯ ಗೋಡೆಯ ಬಳಿ ಗಟ್ಟಿಯಾಯಿತು ಎಂದುಕೊಳ್ಳಿ. ಅದು ನಿಮ್ಮ ವಾಚೇ ಎಂದು ಬ್ಲೂಟೂತ್ ಆರಿಸಿ ಹಾಕುವ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಯಾರ ಬಾಗಿಲನ್ನೂ ತಟ್ಟಬೇಡಿ. ಅವರ ಮನೆಯಲ್ಲೂ ಅದೇ ಕಂಪನಿಯ ವಾಚು ಇರಬಹುದು. ಖಚಿತವಾದ ಮೇಲೂ ಕೇಳುವ ಧಾಟಿ ಮುಖ್ಯ: ‘ನನ್ನ ವಾಚು ಕಾಣುತ್ತಿಲ್ಲ, ನಿಮ್ಮ ಕಡೆ ಬಂದು ಬಿದ್ದಿದೆಯೇ ನೋಡುತ್ತೀರಾ?’ ಎಂದರೆ ಸಾಕು. ನಕ್ಷೆಯಲ್ಲಿನ ಚುಕ್ಕಿ ಅಪರಿಚಿತರ ಮನೆಯಲ್ಲಿ ನಿಂತಿದ್ದರೆ ಅಥವಾ ಊರು ಬಿಟ್ಟು ಚಲಿಸುತ್ತಿದ್ದರೆ ನೀವೇ ಬೆನ್ನಟ್ಟಬೇಡಿ. ಪೆಟ್ಟಿಗೆಯ ಮೇಲಿರುವ ಸೀರಿಯಲ್ ಸಂಖ್ಯೆ ಬರೆದುಕೊಂಡು ಪೊಲೀಸರ ಬಳಿ ಹೋಗಿ.

ವಾಚಿನಲ್ಲಿ ಪಾವತಿಯ ಕಾರ್ಡು ಸೇರಿಸಿದ್ದರೆ ಹುಡುಕಾಟ ಮುಗಿಯುವವರೆಗೆ ಕಾಯುವುದು ಬೇಡ. ಆಪಲ್ ವಾಚನ್ನು ಫೈಂಡ್ ಮೈನಲ್ಲಿ ಕಳೆದಿದೆ ಎಂದು ಗುರುತಿಸಿದರೆ ಅದು ಪಾಸ್‌ಕೋಡ್‌ನಿಂದ ಬೀಗ ಬೀಳುತ್ತದೆ, ಕಾರ್ಡುಗಳೂ ತಡೆಹಿಡಿಯಲ್ಪಡುತ್ತವೆ. ಸಿಕ್ಕ ಮೇಲೆ ಪಾಸ್‌ಕೋಡ್ ಹಾಕಿ ತೆರೆಯಬಹುದು. ಬೇರೆ ವಾಚುಗಳಲ್ಲಿ ಕಾರ್ಡು ಕೊಟ್ಟ ಬ್ಯಾಂಕಿಗೆ ತಿಳಿಸಿ ತಡೆಹಿಡಿಸಿ. ಫೈಂಡ್ ಮೈನಲ್ಲಿ ಖಾತೆಯಿಂದ ಸಾಧನವನ್ನು ತೆಗೆದುಹಾಕು ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಬೇಡಿ: ಸಾಧನ ಖಾತೆಯಿಂದ ಹೋದರೆ ಅದನ್ನು ನಿಮ್ಮ ಹೆಸರಿಗೆ ಕಟ್ಟಿಹಾಕಿರುವ ಬೀಗವೂ ಬಿಟ್ಟುಹೋಗಿ, ಎತ್ತಿಕೊಂಡವರು ತಮ್ಮದಾಗಿ ಮಾಡಿಕೊಳ್ಳಲು ದಾರಿಯಾಗುತ್ತದೆ.